7 ತಿಂಗಳ ಮಗುವಿಗೆ ಡೇಕೇರ್: ನೋಡೋಕೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು?

ಬನಶಂಕರಿ_ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೆರಿಗೆ ರಜೆ, ಅದಕ್ಕೆ ಸೇರಿಸಿದ್ದ ಗಳಿಕೆ ರಜೆ ಎರಡೂ ಮುಗಿಯುತ್ತಾ ಬಂದಿವೆ. ನಾನು ಆಫೀಸಿಗೆ ಹೋಗೋ ಹೊತ್ತಿಗೆ ಮಗುವಿಗೆ 7 ತಿಂಗಳು ತುಂಬಿರುತ್ತೆ. ಎದೆಹಾಲಿನ ಜೊತೆ ರಾಗಿ ಸರಿ, ಮಸಿದ ಬಾಳೆಹಣ್ಣು ಶುರು ಮಾಡಿದ್ದೀವಿ. ಇನ್ನೂ ಅಂಬೆಗಾಲಿಡಲ್ಲ, ಮಗುಚಿಕೊಳ್ಳುತ್ತೆ. ದಿನಕ್ಕೆ 9 ಗಂಟೆ ಬಿಡಬೇಕಾಗುತ್ತೆ.

ನಮ್ಮ ಮುಂದೆ ಇರೋದು ಇಷ್ಟು:

ಒಂದು, ಲೇಔಟ್‌ನಲ್ಲೇ ಇರೋ ದೊಡ್ಡ ಡೇಕೇರ್. ಎರಡು ಮಹಡಿ, ಸುಮಾರು 40 ಮಕ್ಕಳು, ಫೋನಿನಲ್ಲೇ ಸಿಸಿಟಿವಿ ನೋಡಬಹುದು.

ಎರಡು, ಪಕ್ಕದ ರಸ್ತೆಯಲ್ಲಿ ಒಬ್ಬರು ಆಂಟಿ ತಮ್ಮ ಮನೆಯ ಕೆಳಮಹಡಿಯಲ್ಲಿ ನೋಡಿಕೊಳ್ಳೋದು. 9 ಮಕ್ಕಳು, ಇಬ್ಬರು ಸಹಾಯಕರು. ಸಿಸಿಟಿವಿ ಇಲ್ಲ, ಬೋರ್ಡೂ ಇಲ್ಲ.

ಮೂರು, ಆಫೀಸಿನ ಹತ್ತಿರ ಕಂಪನಿ ಒಪ್ಪಂದ ಮಾಡಿಕೊಂಡಿರೋ ಕ್ರೆಷ್. ಮನೆಯಿಂದ 14 ಕಿಲೋಮೀಟರ್, ಹೋಗೋಕೆ ಒಂದು ಗಂಟೆ, ಬರೋಕೆ ಇನ್ನೂ ಜಾಸ್ತಿ.

ಮನೆಗೇ ಒಬ್ಬರು ಆಯಾ ಇಟ್ಟುಕೊಳ್ಳಿ ಅಂತ ಅತ್ತೆ ಹೇಳ್ತಿದ್ದಾರೆ. ಮೊದಲ ಎರಡರ ಫೀಸಿನಲ್ಲಿ ಅಂಥ ವ್ಯತ್ಯಾಸ ಇಲ್ಲ. ಗೋಡೆ ಬಣ್ಣ, ಆಟಿಕೆ ನೋಡಿ ಮರುಳಾಗಬಾರದು ಅಂತ ಗೊತ್ತು. ಆದರೆ ಅವನ್ನು ಬಿಟ್ಟು ನಿಜವಾಗಿ ಏನು ನೋಡಬೇಕು? ಗೊತ್ತಿರೋರು ವಿವರವಾಗಿ ಹೇಳಿದರೆ ತುಂಬಾ ಉಪಕಾರ.


ತೊಟ್ಟಿಲ_ಲೆಕ್ಕ

ಮೇಡಂ, ಡೇಕೇರ್ ಸಿಬ್ಬಂದಿಗೆ ತರಬೇತಿ ಕೊಡೋ ಕೆಲಸ ನಂದು. 40 ಮಕ್ಕಳು, 9 ಮಕ್ಕಳು ಅನ್ನೋ ಅಂಕಿಯಿಂದ ಏನೂ ತಿಳಿಯಲ್ಲ. ನಿಮ್ಮ ಮಗು ಇರೋ ಕೋಣೆಯಲ್ಲಿ, ಆ ಗಂಟೆಯಲ್ಲಿ, ಎಷ್ಟು ಕೂಸುಗಳಿಗೆ ಎಷ್ಟು ಕೈ ಇವೆ ಅನ್ನೋದನ್ನ ಕೇಳಿ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಕ್ರೆಷ್‌ಗಳಿಗೆ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಪಾಲಕಿ (ಮಕ್ಕಳನ್ನ ನೋಡಿಕೊಳ್ಳೋ ಸಿಬ್ಬಂದಿ), ಜೊತೆಗೆ ಒಬ್ಬ ಸಹಾಯಕಿ. 3 ವರ್ಷ ದಾಟಿದ 20 ಮಕ್ಕಳಿಗೆ ಅಷ್ಟೇ ಜನ. ಇದು ಕನಿಷ್ಠ ಮಾತ್ರ. ಇಂಗ್ಲೆಂಡಿನಲ್ಲಿ 2 ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು ಇರಲೇಬೇಕು. ಯಾಕೆ ಅಷ್ಟು ಬಿಗಿ ಅಂತ ನೀವೇ ಲೆಕ್ಕ ಹಾಕಿ ನೋಡಿ.

7 ತಿಂಗಳ ಕೂಸಿಗೆ ಒಂದು ಸಲ ಹಾಲು ಅಥವಾ ಸರಿ ತಿನ್ನಿಸಿ, ಹೆಗಲಿಗೆ ಹಾಕಿ ತೇಗಿಸೋಕೆ 25 ನಿಮಿಷ ಬೇಕು. 9 ಗಂಟೆಯಲ್ಲಿ ಅಂಥವು 3 ಸಲ, ಅಂದರೆ 75 ನಿಮಿಷ. ಕೈ ತೊಳೆದುಕೊಳ್ಳೋದೂ ಸೇರಿ ಡೈಪರ್ ಬದಲಿಸೋಕೆ 5 ನಿಮಿಷ, 4 ಸಲ, ಅದು 20. ಮಲಗಿಸೋಕೆ 15 ನಿಮಿಷ, ಎರಡು ಸಲ, 30. ಒಂದು ಕೂಸಿಗೆ ಒಟ್ಟು 125 ನಿಮಿಷ. ನಾಲ್ಕು ಕೂಸಿಗೆ 500 ನಿಮಿಷ, ಅಂದರೆ 8 ಗಂಟೆ 20 ನಿಮಿಷ. 9 ಗಂಟೆಯ ದಿನದಲ್ಲಿ ಆಕೆಗೆ ಊಟಕ್ಕೂ ಸೇರಿ ಉಳಿಯೋದು 40 ನಿಮಿಷ. ಅದೇ ಒಬ್ಬಳ ಕೈಗೆ ಆರು ಕೂಸು ಕೊಟ್ಟರೆ ಹನ್ನೆರಡೂವರೆ ಗಂಟೆಯ ಕೆಲಸ ಆಯಿತು. ಅದು ಸಾಧ್ಯವೇ ಇಲ್ಲ. ಆಗ ಬಾಟಲಿಗೆ ದಿಂಬು ಆನಿಸಿ ಕುಡಿಸೋದು, ಒದ್ದೆಯಾದರೂ ಗಡಿಯಾರ ನೋಡಿಯೇ ಡೈಪರ್ ತೆಗೆಯೋದು, ಕುರ್ಚಿಗೆ ಬೆಲ್ಟ್ ಹಾಕಿ ಟಿವಿ ಮುಂದೆ ಕೂರಿಸೋದು ಶುರುವಾಗುತ್ತೆ. ಆಕೆ ಕೆಟ್ಟವಳಲ್ಲ, ಕೈ ಸಾಲದು. ಅದಕ್ಕೇ ನನ್ನ ಮಾತು: ಒಂದು ವರ್ಷದೊಳಗಿನ ಮಕ್ಕಳಾದರೆ ಒಬ್ಬರಿಗೆ ಮೂರು, ತೀರಾ ಅಂದರೆ ನಾಲ್ಕು. ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಏನೇ ಚೆನ್ನಾಗಿದ್ದರೂ ಬೇಡ.

ಎಣಿಸುವಾಗ ಅಡುಗೆಯವರು, ನೆಲ ಒರೆಸೋರು, ಬಾಗಿಲಲ್ಲಿ ಕೂತವರು, ಮಾಲೀಕರು ಯಾರನ್ನೂ ಸೇರಿಸಬೇಡಿ. ಈ ವಾರದ ಡ್ಯೂಟಿ ಪಟ್ಟಿ ತೋರಿಸಿ ಅಂತ ಕೇಳಿ. ಬೆಳಗ್ಗೆ 8:30ರಿಂದ 9:30, ಮಧ್ಯಾಹ್ನ 1ರಿಂದ 2:30, ಸಂಜೆ 5:30ರಿಂದ ಬಾಗಿಲು ಹಾಕೋವರೆಗೆ, ಈ ಮೂರು ಹೊತ್ತಲ್ಲಿ ಜನ ಕಮ್ಮಿಯಾಗ್ತಾರೆ. ಬೆಳಗ್ಗೆ ಇನ್ನೂ ಎಲ್ಲರೂ ಬಂದಿರಲ್ಲ, ಮಧ್ಯಾಹ್ನ ಸಿಬ್ಬಂದಿ ಸರದಿಯಲ್ಲಿ ಊಟಕ್ಕೆ ಹೋಗ್ತಾರೆ, ಸಂಜೆ ಬಸ್ಸಿಗೆ ಹೊರಡ್ತಾರೆ. ಸಂಜೆ ದೊಡ್ಡ ಮಕ್ಕಳನ್ನೂ ಕೂಸುಗಳನ್ನೂ ಒಂದೇ ಕೋಣೆಗೆ ಸೇರಿಸಿ ಇಬ್ಬರ ಕೈಗೆ ಬಿಡೋ ರೂಢಿ ತುಂಬಾ ಕಡೆ ಇದೆ. ಪೆಟ್ಟು, ಕಚ್ಚೋದು, ತಳ್ಳೋದು ಅಂಥ ಹೊತ್ತಲ್ಲೇ ಜಾಸ್ತಿ.

ಹಾಗಾಗಿ ಎರಡು ಸಲ ಹೋಗಿ. ಒಂದು ಸಲ ಹೇಳಿಯೇ, 11:30ಕ್ಕೆ, ಊಟ ತಿನ್ನಿಸೋ ಹೊತ್ತಿಗೆ. ಇನ್ನೊಂದು ಸಲ ಹೇಳದೆ, ಸಂಜೆ 5:45ಕ್ಕೆ. ಮಕ್ಕಳು ಮಲಗಿರುವಾಗ ಕೋಣೆಯೊಳಗೆ ಬಿಡದೆ ಗಾಜಿನಿಂದ ನೋಡಿ ಅಂದರೆ ಅದು ಸರಿಯಾದ ಪದ್ಧತಿಯೇ. ತಂದೆತಾಯಿ ಗೇಟಿನಿಂದ ಒಳಗೇ ಬರಬಾರದು ಅನ್ನೋ ಜಾಗವನ್ನ ಅಲ್ಲೇ ಕೈಬಿಡಿ.

ಒಳಗೆ ಹೋದ ಮೇಲೆ ಮಾತು ನಿಲ್ಲಿಸಿ 20 ನಿಮಿಷ ಸುಮ್ಮನೆ ಕೂತು ನೋಡಿ. ಕೂಸು ಅತ್ತರೆ ಎಷ್ಟು ಹೊತ್ತಿಗೆ ಒಬ್ಬರು ಹತ್ತಿರ ಬರ್ತಾರೆ? ಪಾಲಕಿ ನೆಲದ ಮೇಲೆ ಮಕ್ಕಳ ಮಟ್ಟಕ್ಕೆ ಕೂತಿದ್ದಾರಾ, ಗೋಡೆಗೆ ಒರಗಿ ಫೋನ್ ನೋಡ್ತಿದ್ದಾರಾ? ಡೈಪರ್ ಬದಲಿಸುವಾಗ ಮಗುವಿನ ಜೊತೆ ಮಾತಾಡ್ತಾರಾ? ವಾಕರ್ ಸಾಲಾಗಿ ನಿಂತಿದ್ದರೆ ಅದೊಂದು ಕೆಟ್ಟ ಲಕ್ಷಣ. ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾಗುತ್ತೆ ಅಂತ ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ನಡಿಗೆ ಬೇಗ ಬರುತ್ತೆ ಅನ್ನೋದೂ ಸುಳ್ಳು.

ನಿಮ್ಮ ಎರಡನೇ ಆಯ್ಕೆ, ಆಂಟಿ ಮನೆ, ಅಂಕಿಯಲ್ಲಿ ಚೆನ್ನಾಗಿ ಕಾಣುತ್ತೆ. ಅವರೂ ಸೇರಿ ಮೂವರು, 9 ಮಕ್ಕಳು. ಆದರೆ ಅಡುಗೆ ಯಾರು ಮಾಡ್ತಾರೆ? ಆ ಮೂವರಲ್ಲೇ ಒಬ್ಬರಾದರೆ 9ಕ್ಕೆ ಇಬ್ಬರೇ ಉಳಿದರು. ಸಹಾಯಕಿ ಒಂದು ವಾರ ಊರಿಗೆ ಹೋದರೆ? ಆಂಟಿಗೇ ಜ್ವರ ಬಂದರೆ? ಅದಕ್ಕೆ "ಇಂಥವರು ಬರ್ತಾರೆ" ಅಂತ ಹೆಸರು ಹೇಳೋಕೆ ಆಗಬೇಕು. "ಹೇಗೋ ಆಗುತ್ತೆ" ಅಂದರೆ ಸಾಲದು. ದೊಡ್ಡ ಡೇಕೇರ್‌ನಲ್ಲಿ ತೊಂದರೆ ಬೇರೆ ಥರದ್ದು. ಅಲ್ಲಿ ಬದಲಿ ಜನ ಸಿಗ್ತಾರೆ, ಆದರೆ ಜನ ನಿಲ್ಲಲ್ಲ. ಕೂಸುಗಳ ಕೋಣೆಯ ಪಾಲಕಿಯನ್ನೇ ನೇರವಾಗಿ "ಇಲ್ಲಿ ಎಷ್ಟು ದಿನದಿಂದ ಇದ್ದೀರಿ?" ಅಂತ ಕೇಳಿ. ಎಲ್ಲರೂ ಮೂರು ನಾಲ್ಕು ತಿಂಗಳವರೇ ಆದರೆ ನಿಮ್ಮ ಮಗು ವರ್ಷದಲ್ಲಿ ಮೂರು ಸಲ ಹೊಸಬರಿಗೆ ಒಗ್ಗಿಕೊಳ್ಳಬೇಕಾಗುತ್ತೆ.


ಮಕ್ಕಳ_ವಾರ್ಡ್

ಮಕ್ಕಳ ವಿಭಾಗದ ನರ್ಸ್ ಆಗಿ ಊಟ, ನಿದ್ದೆ, ಕಾಯಿಲೆ ವಿಷಯ ಹೇಳ್ತೀನಿ.

ಹಾಲು. ತೆಗೆದ ಎದೆಹಾಲು 25 ಡಿಗ್ರಿ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತೆ. ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ 24 ಗಂಟೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಕೋಣೆ 30 ದಾಟುತ್ತೆ, ಆದ್ದರಿಂದ ತಲುಪಿದ ಕೂಡಲೇ ಫ್ರಿಜ್‌ನ ಒಳಭಾಗಕ್ಕೆ ಹೋಗಬೇಕು, ಬಾಗಿಲಿಗಲ್ಲ. ಬಾಗಿಲು ತೆಗೆದೂ ಮುಚ್ಚಿಯೂ ಬಿಸಿಯಾಗ್ತಿರುತ್ತೆ. ಕರೆಂಟ್ ಹೋದರೂ ಮುಚ್ಚಿಟ್ಟ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತೆ ಅಂತ ಅವರಿಗೆ ಗೊತ್ತಿದ್ದರೆ ಒಳ್ಳೆಯದು. ಎಷ್ಟು ಕಳಿಸಬೇಕು ಅಂದರೆ, ನೀವು ಇಲ್ಲದ ಪ್ರತಿ ಗಂಟೆಗೆ ಸುಮಾರು 30 ಎಂಎಲ್. 9 ಗಂಟೆಗೆ 270. ಅದನ್ನ ಒಂದೇ ಬಾಟಲಿಯಲ್ಲಿ ಕಳಿಸಬೇಡಿ. 90ರ ಮೂರು, ಹೆಚ್ಚುವರಿಗೆ 60ರದ್ದು ಒಂದು. ಮಗು ಬಾಯಿಟ್ಟು ಬಿಟ್ಟ ಹಾಲು 2 ಗಂಟೆ ಮೀರಿದರೆ ಚೆಲ್ಲಬೇಕು, ಸಣ್ಣ ಬಾಟಲಿಯಾದರೆ ಚೆಲ್ಲೋದು ಕಮ್ಮಿ. ಹೆಸರು, ದಿನಾಂಕ, ತೆಗೆದ ಗಂಟೆ ಬರೆದಿರಬೇಕು. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಬೇಕು. ಮೈಕ್ರೋವೇವ್ ಬೇಡ, ಒಂದೊಂದು ಕಡೆ ಸುಡುವಷ್ಟು ಬಿಸಿಯಾಗಿ ಬಾಯಿ ಬೇಯುತ್ತೆ.

ಊಟ. ಹೊಸ ಪದಾರ್ಥ ಯಾವುದೇ ಇರಲಿ ಮೊದಲು ಮನೆಯಲ್ಲಿ ಎರಡು ಮೂರು ದಿನ ಕೊಟ್ಟು ನೋಡಿ, ಆಮೇಲೆ ಡೇಕೇರ್‌ಗೆ. ವರ್ಷ ತುಂಬೋವರೆಗೆ ಜೇನುತುಪ್ಪ ಬೇಡವೇ ಬೇಡ, ಉಪ್ಪು ಸಕ್ಕರೆಯೂ ಬೇಡ. "ನಾಲಿಗೆಗೆ ಸ್ವಲ್ಪ ಜೇನು ತೊಡೆದರೆ ಅಳು ನಿಲ್ಲುತ್ತೆ" ಅನ್ನೋ ಆಯಾಗಳು ಈಗಲೂ ಇದ್ದಾರೆ, ಬಾಯಿಬಿಟ್ಟು ಹೇಳಿ. ಆಂಟಿ ಮನೆಯಂಥ ಎಲ್ಲ ವಯಸ್ಸಿನ ಮಕ್ಕಳೂ ಇರೋ ಕಡೆ ಒಂದು ವಿಶೇಷ ಅಪಾಯ ಇದೆ. 4 ಗಂಟೆಗೆ ದೊಡ್ಡ ಮಕ್ಕಳು ತಿನ್ನೋ ಕಡಲೆಬೀಜ, ಕಡ್ಲೆಪುರಿ, ಚಕ್ಕುಲಿ ಚೂರು, ಇಡೀ ದ್ರಾಕ್ಷಿ ಚಾಪೆ ಮೇಲೆ ಬೀಳುತ್ತೆ. ಇನ್ನೊಂದೆರಡು ತಿಂಗಳಲ್ಲಿ ಅಂಬೆಗಾಲಿಡೋ ನಿಮ್ಮ ಮಗು ಅದನ್ನೇ ಮೊದಲು ಹುಡುಕೋದು. ತಿಂಡಿ ಬೇರೆ ಕೋಣೆಯಲ್ಲಿ, ಮೇಜಿನ ಮುಂದೆ, ಮುಗಿದ ಕೂಡಲೇ ಗುಡಿಸೋದು, ಈ ಕ್ರಮ ಇದೆಯಾ ನೋಡಿ.

ಪಾಲಕಿಗೆ ಒಂದು ಪ್ರಶ್ನೆ ಹಾಕಿ: "ಕೂಸಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದರೆ ಏನು ಮಾಡ್ತೀರಿ?" ಮುಂದೋಳಿನ ಮೇಲೆ ಬೋರಲು ಹಾಕಿ, ತಲೆ ಎದೆಗಿಂತ ತಗ್ಗಿಸಿ, ಬೆನ್ನಿನ ನಡುವೆ 5 ಏಟು, ಹೋಗದಿದ್ದರೆ ಮಗುಚಿ ಎದೆಯ ನಡುವೆ 5 ಸಲ ಒತ್ತೋದು, ಇನ್ನೊಬ್ಬರು 112ಕ್ಕೆ ಫೋನ್. ಇದನ್ನ ಗೊಂಬೆ ಮೇಲೆ ಮಾಡಿ ತೋರಿಸಿದರೆ ಕಲಿತಿದ್ದಾರೆ ಅಂತ ಅರ್ಥ. "ಬಾಯೊಳಗೆ ಬೆರಳು ಹಾಕಿ ತೆಗೀತೀವಿ", "ಕಾಲು ಹಿಡಿದು ತಲೆಕೆಳಗು ಮಾಡ್ತೀವಿ" ಅಂದರೆ ಕಲಿತಿಲ್ಲ. ಕಾಣದೆ ಬೆರಳು ಹಾಕಿದರೆ ಸಿಕ್ಕಿರೋದು ಇನ್ನೂ ಒಳಗೆ ಹೋಗುತ್ತೆ.

ನಿದ್ದೆ. ಅಂಗಾತ, ಗಟ್ಟಿ ಸಮತಟ್ಟಾದ ಹಾಸಿಗೆ, ದಿಂಬಿಲ್ಲದೆ. ಸಾಸಿವೆ ದಿಂಬೂ ಬೇಡ, ದಪ್ಪ ಹೊದಿಕೆಯೂ ಬೇಡ. ಸೀರೆ ಜೋಲಿ ನಮ್ಮಲ್ಲಿ ತಲೆತಲಾಂತರದಿಂದ ಇದೆ ನಿಜ, ಆದರೆ ಅದರಲ್ಲಿ ಗದ್ದ ಎದೆಗೆ ಬಾಗಿ ಉಸಿರಿಗೆ ಅಡ್ಡಿಯಾಗುತ್ತೆ, ಮಗುಚಿಕೊಳ್ಳೋ ಮಗು ಅದರಲ್ಲಿ ಸಿಕ್ಕಿಕೊಳ್ಳುತ್ತೆ. ಒಬ್ಬರು ನಾಲ್ಕು ಕೂಸು ನೋಡೋ ಕಡೆ ಜೋಲಿ ಸುರಕ್ಷಿತ ಅಲ್ಲ. ಮಲಗಿದ ಮಕ್ಕಳನ್ನ 10-15 ನಿಮಿಷಕ್ಕೊಮ್ಮೆ ಹತ್ತಿರ ಹೋಗಿ ನೋಡಿ ಬರೆದಿಡೋ ಪಟ್ಟಿ ಇದ್ದರೆ ಆ ಜಾಗಕ್ಕೆ ಪೂರ್ತಿ ಅಂಕ ಕೊಡಿ.

ಔಷಧಿ. ನೀವು ಬರೆದುಕೊಡದೆ ಒಂದು ಹನಿಯೂ ಕೊಡಕೂಡದು ಅನ್ನೋ ನಿಯಮ ಇರಲೇಬೇಕು. ಪ್ಯಾರಾಸಿಟಮಾಲ್‌ನಲ್ಲೇ ಆಗೋ ಗೊಂದಲ ನೋಡಿ. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತೆ. ಮಕ್ಕಳ ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 250. 8 ಕೆಜಿ ಮಗುವಿಗೆ ಕೆಜಿಗೆ 15ರಂತೆ 120 ಮಿಲಿಗ್ರಾಂ ಅಂದರೆ ಡ್ರಾಪ್ಸ್ ಆದರೆ 1.2 ಎಂಎಲ್, 120ರ ಸಿರಪ್ ಆದರೆ 5 ಎಂಎಲ್. "5 ಎಂಎಲ್ ಕೊಡಿ" ಅಂತ ಫೋನಲ್ಲಿ ಹೇಳಿ, ಅವರು ಡ್ರಾಪ್ಸ್ ಬಾಟಲಿ ತೆಗೆದರೆ ನಾಲ್ಕು ಪಟ್ಟು ಔಷಧಿ ಹೋಯಿತು. ಆದ್ದರಿಂದ ನಿಮ್ಮ ಬಾಟಲಿಯೇ, ನಿಮ್ಮ ಸಿರಿಂಜೇ, ಅದರ ಮೇಲೆ ಗೆರೆ ಎಳೆದು ಕೊಡಿ. ಪ್ರಮಾಣವನ್ನ ನಿಮ್ಮ ಡಾಕ್ಟರ್ ಬರೆದಿರಲಿ. ನೆಗಡಿ ಅಲರ್ಜಿ ಸಿರಪ್‌ಗಳಲ್ಲಿ ನಿದ್ದೆ ಬರೋವು ಇವೆ. ಮಗು ಮನೆಯಲ್ಲಿ ಮಲಗೋದಕ್ಕಿಂತ ತುಂಬಾ ಜಾಸ್ತಿ ಅಲ್ಲಿ ಮಲಗಿ, ಸಂಜೆ ಮಂಕಾಗಿ ಬರ್ತಿದ್ದರೆ ಅಸಡ್ಡೆ ಮಾಡಬೇಡಿ, ಅವತ್ತೇ ಡಾಕ್ಟರ್‌ಗೆ ತೋರಿಸಿ.

ಕಾಯಿಲೆ ನಿಯಮ. 100.4 ಫ್ಯಾರನ್‌ಹೀಟ್ ದಾಟಿದರೆ ಮನೆಗೆ ಕಳಿಸಬೇಕು, ಔಷಧಿ ಇಲ್ಲದೆ 24 ಗಂಟೆ ಜ್ವರ ಇರದಿದ್ದರೆ ಮಾತ್ರ ವಾಪಸ್. ವಾಂತಿ ಭೇದಿಗೂ ಕನಿಷ್ಠ ಅಷ್ಟೇ. ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೆ. ಮಳೆಗಾಲದಲ್ಲಿ ಕೈ-ಕಾಲು-ಬಾಯಿ ರೋಗ ಡೇಕೇರ್‌ನಿಂದ ಡೇಕೇರ್‌ಗೆ ಓಡಾಡುತ್ತೆ. ಅದರ ವೈರಸ್ ಮಲದಲ್ಲಿ ವಾರಗಟ್ಟಲೆ ಹೋಗ್ತಿರೋದರಿಂದ ರಜೆ ಕೊಟ್ಟರಷ್ಟೇ ನಿಲ್ಲಲ್ಲ, ಡೈಪರ್ ತೆಗೆದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಡೈಪರ್ ಬದಲಿಸೋ ಜಾಗದ ಪಕ್ಕದಲ್ಲೇ ನಲ್ಲಿ ಇದೆಯಾ, ಇಲ್ಲ ಕೋಣೆ ದಾಟಿ ಹೋಗಬೇಕಾ? ದೂರ ಇದ್ದರೆ ದಿನಕ್ಕೆ 30 ಸಲ ಯಾರೂ ಹೋಗಲ್ಲ. "ಜ್ವರ ಇದ್ದರೂ ಪರವಾಗಿಲ್ಲ, ಕಳಿಸಿ" ಅನ್ನೋ ಡೇಕೇರ್ ಅನುಕೂಲ ಅನ್ನಿಸುತ್ತೆ. ಆದರೆ ಅಲ್ಲಿ ಬೇರೆಯವರ ಮಗುವೂ ಜ್ವರ ಹೊತ್ತೇ ಬಂದಿರುತ್ತೆ.

ಸೇರಿಸೋ ಮೊದಲು ತಾಯಿ ಕಾರ್ಡ್ ತೆಗೆದು 6, 10, 14 ವಾರದ ಲಸಿಕೆಗಳು ಪೂರ್ತಿಯಾಗಿವೆಯಾ ನೋಡಿ. ಫ್ಲೂ ಲಸಿಕೆ 6 ತಿಂಗಳಿಂದ ಹಾಕಬಹುದು, ಮೊದಲ ಸಲ 4 ವಾರದ ಅಂತರದಲ್ಲಿ ಎರಡು ಡೋಸ್, ಹಾಗಾಗಿ ಈ ವಾರವೇ ಡಾಕ್ಟರ್ ಹತ್ತಿರ ಮಾತಾಡಿ. ಡೇಕೇರ್‌ನವರು ಲಸಿಕೆ ಕಾರ್ಡ್ ಕೇಳದೇ ಇದ್ದರೆ ಬೇರೆ ಮಕ್ಕಳದ್ದೂ ಕೇಳಿಲ್ಲ ಅಂತ ತಿಳಿಯಿರಿ. ಮೊದಲ ವರ್ಷ 8ರಿಂದ 10 ಸಲ ನೆಗಡಿ ಸಾಮಾನ್ಯ. ಯಾರು ಯಾವಾಗ ರಜೆ ಹಾಕಬೇಕು ಅಂತ ಮಗುವಿನ ಅಪ್ಪನ ಜೊತೆ ಈಗಲೇ ಹಂಚಿಕೊಳ್ಳಿ.


ಗ್ರಿಲ್_ಬೀಗ_ಹುಬ್ಬಳ್ಳಿ

ಕಟ್ಟಡದ ಬಗ್ಗೆ ಯಾರೂ ಹೇಳಿಲ್ಲ, ನಾ ಹೇಳ್ತೀನ್ರಿ ಅಕ್ಕಾರ.

ಮನೀನ ಡೇಕೇರ್ ಮಾಡಿದ್ದಾರ ಅಂದ್ರ ಮೊದಲ ಸಂಪ್ ಎಲ್ಲೈತಿ ಅಂತ ಕೇಳ್ರಿ. ಗೇಟ್ ಹತ್ರ, ಪಾರ್ಕಿಂಗ್ ಒಳಗ ಇರ್ತೈತಿ. ಮುಚ್ಚಳದ ಮ್ಯಾಲ ನೀವ ನಿಂತು ನೋಡ್ರಿ, ಅಲುಗಾಡಬಾರದು, ಬೀಗ ಇರಬೇಕು. ಟ್ಯಾಂಕರ್ ನೀರು ಬಿಡೋ ದಿನ ಮುಚ್ಚಳ ತಗದಾಗ ಮಕ್ಕಳು ಎಲ್ಲಿರ್ತಾವ ಅಂತ ಕೇಳ್ರಿ. ಬಚ್ಚಲದಾಗ ತುಂಬಿದ ಬಕೆಟ್ ಇಡಬಾರದು. ನಾಲ್ಕು ಬೆರಳು ನೀರು ಸಾಕು, ಅಂಬೆಗಾಲಿಡೋ ಕೂಸು ಮುಖ ಅಡಿ ಆಗಿ ಬಿದ್ರ ಎದ್ದೇಳಾಕ ಆಗೂದಿಲ್ಲ, ತಲಿ ಭಾರ ಇರ್ತೈತಿ. ಬಚ್ಚಲ ಬಾಗಿಲಿಗೆ ಹೊರಗಿಂದ, ದೊಡ್ಡವರ ಎತ್ತರದಾಗ ಚಿಲಕ ಇರಲಿ. ಆಸಿಡ್ಡು, ಫಿನೈಲು ಮ್ಯಾಲಿನ ಕಪಾಟಿನಾಗ, ಕೀಲಿ ಹಾಕಿ.

ಎರಡು ಮಹಡಿ ಡೇಕೇರ್ ಆದ್ರ ಸಣ್ಣ ಕೂಸುಗಳನ್ನ ಕೆಳಗ ಇಟ್ಟಿರಬೇಕು. ಯಾಕಂದ್ರ ಹೊಗಿ ತುಂಬಿದಾಗ ಒಬ್ಬರು ಎರಡು ಕೂಸು ಎತ್ತಿಕೊಂಡು ಓಡಬಹುದು, ಮೂರನೇದು ಆಗೂದಿಲ್ಲ. ಮ್ಯಾಲ ಎಂಟು ಕೂಸು, ಇಬ್ಬರು ಹೆಣ್ಣುಮಕ್ಕಳು ಇದ್ರ ನಾಲ್ಕು ಅಲ್ಲೇ ಉಳೀತಾವ. ಎರಡನೇ ಬಾಗಿಲು ಎಲ್ಲೈತಿ, ಅದರ ಕೀಲಿ ಎಲ್ಲೈತಿ, ಈಗ ತಗದು ತೋರಸ್ರಿ ಅನ್ರಿ. ಹಿಂದಿನ ಬಾಗಿಲ ಮುಂದ ಹಳೇ ಕುರ್ಚಿ, ಚೀಲ ಒಟ್ಟಿದ್ರ ಅದು ಬಾಗಿಲ ಅಲ್ಲ. ಕಿಟಕಿಗೆಲ್ಲ ಗ್ರಿಲ್ ಇರೋ ಮನ್ಯಾಗ ಇದು ಇನ್ನೂ ಮುಖ್ಯ. ಬಾಲ್ಕನಿ ಸರಳಿನ ಸಂದು 4 ಇಂಚಿಗಿಂತ ಕಡಿಮಿ ಇರಬೇಕು, ಅಡ್ಡ ಸರಳು ಇದ್ರ ಏಣಿ ಇದ್ದಂಗ, ಹತ್ತತಾವ.

ಸ್ವಿಚ್ ಬೋರ್ಡಿನಾಗ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೋ ಸ್ವಿಚ್) ಐತೇನು ನೋಡ್ರಿ. ಅದರ ಮ್ಯಾಲ ಟೆಸ್ಟ್ ಬಟನ್ ಇರ್ತೈತಿ, ಒತ್ತಿದ್ರ ಕರೆಂಟ್ ಹೋಗಬೇಕು. ಸಾದಾ ಎಂಸಿಬಿ (ಲೋಡ್ ಹೆಚ್ಚಾದ್ರ ಬೀಳೋ ಸ್ವಿಚ್) ಶಾಕ್ ಹೊಡಿಯೂದನ್ನ ತಡಿಯೂದಿಲ್ಲ. ಮೆಟ್ಟಿಲ ಕೆಳಗ ಯುಪಿಎಸ್ ಬ್ಯಾಟರಿ ಇಟ್ಟಿರ್ತಾರ, ಅದಕ್ಕ ಪಂಜರ ಬೇಕು. ಕಪಾಟು, ಟಿವಿ ಗೋಡಿಗೆ ಸ್ಕ್ರೂ ಹಾಕಿರಬೇಕು.

ಗೇಟಿನಾಗ ಮಗೂನ ಯಾರ ಕೈಗೆ ಕೊಡ್ತಾರ ಅನ್ನೂದು ಬರವಣಿಗಿಯೊಳಗ ಇರಲಿ. ಫೋಟೊ ಸಹಿತ ಮೂರು ಮಂದಿ ಹೆಸರು ಕೊಡ್ರಿ. "ನಾ ಅವರ ಚಿಕ್ಕಪ್ಪ" ಅಂತ ಬಂದವರಿಗೆ ನಿಮಗ ಫೋನ್ ಮಾಡದ ಕೊಡಬಾರದು. ಬೇಕಾದ್ರ ನಿಮ್ಮ ಗೆಳತಿನ್ನ ಒಂದ ದಿನ ಕಳಿಸಿ ನೋಡ್ರಿ.


ಬನಶಂಕರಿ_ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಸಂಪ್ ವಿಷಯ ಹೊಳೆದೇ ಇರಲಿಲ್ಲ. ಇನ್ನು ಮೂರು ಅನುಮಾನ. ಸಿಸಿಟಿವಿ ಇಲ್ಲ ಅನ್ನೋದು ಎಷ್ಟು ದೊಡ್ಡ ಕೊರತೆ? ಕಂಪನಿ ಕ್ರೆಷ್ ವಿಷಯದಲ್ಲಿ ಕಾನೂನು ಏನು ಹೇಳುತ್ತೆ? ಒಪ್ಪಂದಕ್ಕೆ ಸಹಿ ಹಾಕೋ ಮೊದಲು ಏನು ಓದಬೇಕು?


ಎಚ್‌ಆರ್_ಕಡತ

ಕಾನೂನಿಂದ ಶುರು ಮಾಡ್ತೀನಿ. 50 ಅಥವಾ ಹೆಚ್ಚು ಜನ ಇರೋ ಸಂಸ್ಥೆ ಕ್ರೆಷ್ ಸೌಲಭ್ಯ ಕೊಡಲೇಬೇಕು ಅನ್ನೋ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನ ನೋಡಿಬರಬಹುದು, ವಿರಾಮದ ಹೊತ್ತೂ ಅದರಲ್ಲೇ ಸೇರಿದೆ. ಹಳೇ ಕಾಯ್ದೆಯಲ್ಲೇ ಮಗುವಿಗೆ 15 ತಿಂಗಳಾಗೋವರೆಗೆ ಹಾಲೂಡಿಸೋಕೆ ದಿನಕ್ಕೆ ಎರಡು ಬಿಡುವು ಇತ್ತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ 50ರ ಲೆಕ್ಕವೇ ಇದೆ.

ಹೀಗಾಗಿ ನಿಮ್ಮ ಮೂರನೇ ಆಯ್ಕೆಯ ಬೆಲೆ ನಿಂತಿರೋದು ಒಂದೇ ಪ್ರಶ್ನೆ ಮೇಲೆ: ಕ್ರೆಷ್ ನಿಮ್ಮ ಕುರ್ಚಿಯಿಂದ ನಡೆದು ಹೋಗೋ ದೂರದಲ್ಲಿದೆಯಾ? 2018ರ ಮಾರ್ಗಸೂಚಿ 500 ಮೀಟರ್ ಒಳಗೆ ಇರಲಿ ಅನ್ನುತ್ತೆ. ಹಾಗಿದ್ದರೆ ಮಧ್ಯಾಹ್ನ ಎರಡು ಸಲ ನೀವೇ ಹಾಲು ಕೊಡಬಹುದು, ಬಾಟಲಿ ಲೆಕ್ಕವೇ ಅರ್ಧ ಆಗುತ್ತೆ. ಅದರ ಎದುರು ದಿನಾ ಎರಡು ಗಂಟೆಗೂ ಜಾಸ್ತಿ ಪ್ರಯಾಣ. ಕೂಸಿಗೆ ಹಿಂದಕ್ಕೆ ಮುಖ ಮಾಡಿದ ಕಾರ್ ಸೀಟ್ ಬೇಕು, ಬಾಡಿಗೆ ಕ್ಯಾಬ್‌ನಲ್ಲಿ ಅದನ್ನ ದಿನಾ ಕಟ್ಟಿ ಬಿಚ್ಚೋದು ಹೆಚ್ಚು ದಿನ ನಡೆಯೋ ಮಾತಲ್ಲ. ಮಡಿಲಲ್ಲಿ ಕೂರಿಸಿಕೊಂಡು ಹೋಗೋದನ್ನ ನಾನು ಒಪ್ಪಲ್ಲ. ವಾರಕ್ಕೆ ಎರಡು ದಿನ ಮಾತ್ರ ಆಫೀಸ್ ಇದ್ದರೆ ಮಾತು ಬೇರೆ. ಆ ಮೇಲೆ, ಕೆಲಸ ಬಿಟ್ಟರೆ ಕ್ರೆಷ್ ಕೂಡ ಹೋಗುತ್ತೆ, ಅದೂ ನೆನಪಿರಲಿ.

ಸಿಸಿಟಿವಿ. ಇದ್ದರೆ ಒಳ್ಳೆಯದು, ಆದರೆ ಅದನ್ನ ನೋಡಿ ಆಯ್ಕೆ ಮಾಡಬೇಡಿ. ಫೋನಲ್ಲಿ ಲೈವ್ ಕಾಣೋದಕ್ಕಿಂತ ರೆಕಾರ್ಡಿಂಗ್ ಎಷ್ಟು ದಿನ ಇಡ್ತಾರೆ ಅನ್ನೋದು ಮುಖ್ಯ. ಏನಾದರೂ ಆದ ಮೇಲೆ ಬೇಕಾಗೋದು ಅದೇ. 30 ದಿನ ಇದ್ದರೆ ಸರಿ, 3 ದಿನ ಆದರೆ ಇದ್ದೂ ಇಲ್ಲದಂತೆ. ಕೂಸು ಮಲಗೋ ಜಾಗ, ಊಟದ ಜಾಗ ಕಾಣಬೇಕು. ಬಚ್ಚಲು, ಡೈಪರ್ ಬದಲಿಸೋ ಜಾಗ ಕಾಣಬಾರದು. ಲೈವ್ ಅಂದರೆ ನಿಮ್ಮ ಮಗುವನ್ನ ಉಳಿದ 39 ಮನೆಯವರೂ ನೋಡ್ತಾರೆ. ಮಕ್ಕಳ ಫೋಟೊ ಜಾಹೀರಾತಿಗೆ, ಫೇಸ್‌ಬುಕ್‌ಗೆ ಹಾಕೋಕೆ ಒಪ್ಪಿಗೆ ಅಂತ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಇರುತ್ತೆ, ಹೊಡೆದುಹಾಕಿ ಸಹಿ ಮಾಡಿ. ಆಂಟಿ ಮನೆಯಲ್ಲಿ ಸಿಸಿಟಿವಿ ಇಲ್ಲದಿದ್ದರೂ ಬಾಗಿಲು ಯಾವಾಗಲೂ ನಿಮಗೆ ತೆರೆದಿದ್ದರೆ ನಾನು ಅದನ್ನೇ ಹೆಚ್ಚು ಅಂತೀನಿ.

ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಪತ್ರ ಕೇಳಿ. ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು, ಆದ್ದರಿಂದ "ಮಾಡಿಸೋಕೆ ಆಗಲ್ಲ" ಅನ್ನೋ ಉತ್ತರ ಒಪ್ಪಬೇಡಿ. ಡ್ರೈವರ್, ಕಾವಲಿನವರು, ಅಡುಗೆಯವರದ್ದೂ ಇರಬೇಕು. ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ 1098 ಮಕ್ಕಳ ಸಹಾಯವಾಣಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರೋದೇ ಅಪರಾಧ. ಇದು ಡೇಕೇರ್ ಸಿಬ್ಬಂದಿಗೆ ಗೊತ್ತಿದೆಯಾ ಅಂತ ಮಾಲೀಕರನ್ನ ಕೇಳಿ, ಮುಖ ನೋಡಿದರೆ ಉತ್ತರ ತಿಳಿಯುತ್ತೆ.

ಒಪ್ಪಂದದಲ್ಲಿ ದುಡ್ಡಿನ ಭಾಗ. ತಿಂಗಳ ಫೀಸನ್ನಷ್ಟೇ ಹೋಲಿಸಬೇಡಿ, ವರ್ಷದ ಒಟ್ಟು ಹಾಕಿ ತೆರೆದಿರೋ ದಿನಗಳಿಂದ ಭಾಗಿಸಿ. ಲೆಕ್ಕಕ್ಕೆ ಹೇಳ್ತೀನಿ, ತಿಂಗಳಿಗೆ 12,000, ಪ್ರವೇಶ ಶುಲ್ಕ 15,000 ಅಂದರೆ ವರ್ಷಕ್ಕೆ 1,59,000. 240 ದಿನ ತೆರೆದಿದ್ದರೆ ದಿನಕ್ಕೆ 662 ರೂಪಾಯಿ. ಇನ್ನೊಂದು ಕಡೆ ತಿಂಗಳಿಗೆ 13,000, ಪ್ರವೇಶ ಶುಲ್ಕ ಇಲ್ಲ, 275 ದಿನ ತೆರೆದಿರುತ್ತೆ ಅಂದರೆ ದಿನಕ್ಕೆ 567. ಎರಡನೆಯದೇ ಅಗ್ಗ. ಅವರ ರಜಾಪಟ್ಟಿಯನ್ನ ನಿಮ್ಮ ಆಫೀಸ್ ರಜಾಪಟ್ಟಿ ಪಕ್ಕ ಇಟ್ಟು ನೋಡಿ, ದಸರಾ, ಬೇಸಿಗೆ, ಬಂದ್, ಜೋರು ಮಳೆ ದಿನಗಳಲ್ಲಿ ಏನು ಮಾಡ್ತಾರೆ ಕೇಳಿ. ತಡವಾಗಿ ಕರೆದುಕೊಂಡು ಹೋದರೆ ಎಷ್ಟು ದಂಡ, ಠೇವಣಿ ವಾಪಸ್‌ಗೆ ಎಷ್ಟು ದಿನ ಮೊದಲು ಹೇಳಬೇಕು, ಮಗು ಆಸ್ಪತ್ರೆ ಸೇರಿ ತಿಂಗಳು ಬರದಿದ್ದರೆ ಫೀಸ್ ಎಷ್ಟು, ಇವು ಬಾಯಿಮಾತಲ್ಲಿ ಇರಬಾರದು. "ಯಾವುದೇ ಗಾಯಕ್ಕೆ ನಾವು ಹೊಣೆಯಲ್ಲ" ಅನ್ನೋ ಸಾಲು ಇದ್ದರೆ ತೆಗೆಸಿ, ಒಪ್ಪದಿದ್ದರೆ ಎದ್ದು ಬನ್ನಿ. ಅದರ ಬದಲು ಪೆಟ್ಟಾದರೆ ಎಷ್ಟು ನಿಮಿಷದಲ್ಲಿ ಫೋನ್ ಮಾಡ್ತಾರೆ, ಯಾವ ಆಸ್ಪತ್ರೆಗೆ ಕರೆದೊಯ್ತಾರೆ ಅನ್ನೋದು ಬರೆದಿರಬೇಕು.


ತೊಟ್ಟಿಲ_ಲೆಕ್ಕ

ಆಯಾ ವಿಷಯ ಬಾಕಿ ಉಳಿಯಿತು. ಮನೆಯಲ್ಲಿ ಅತ್ತೆ ಅಥವಾ ಮಾವ ದಿನವಿಡೀ ಇರ್ತಾರೆ ಅಂದರೆ ಆಯಾ ಒಳ್ಳೆಯ ಆಯ್ಕೆ. ಒಂದು ಮಗುವಿಗೆ ಒಬ್ಬರು, ಸೋಂಕು ಕಮ್ಮಿ. ಹಿರಿಯರು ಮೇಲ್ವಿಚಾರಣೆ ಮಾತ್ರ ಮಾಡಲಿ, ಎತ್ತಿ ಇಳಿಸೋ ಭಾರ ಅವರ ಮೇಲೆ ಬೀಳದಿರಲಿ. ಮನೆಯಲ್ಲಿ ಯಾರೂ ಇಲ್ಲ ಅಂದರೆ ಒಬ್ಬ ಅಪರಿಚಿತರ ಜೊತೆ ಮಾತು ಬಾರದ ಕೂಸು ಒಂದೇ, ನೋಡೋ ಇನ್ನೊಂದು ಕಣ್ಣಿಲ್ಲ. ನಾನು ಆಗ ಡೇಕೇರ್ ಕಡೆಗೇ ವಾಲ್ತೀನಿ. ಆಯಾ ಇಟ್ಟರೆ ಪಾತ್ರೆ, ಬಟ್ಟೆ, ಕಸದ ಕೆಲಸ ಕೊಡಬೇಡಿ. ಕೊಟ್ಟರೆ ಆ ಹೊತ್ತಲ್ಲಿ ಮಗು ಟಿವಿ ಮುಂದೆ ಇರುತ್ತೆ. ವಾರದ ರಜೆ, ಸಂಬಳದ ದಿನ, ಹಬ್ಬದ ರಜೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ.

ಯಾವಾಗ ಸೇರಿಸಬೇಕು ಅನ್ನೋದಕ್ಕೆ: ಅಪರಿಚಿತರನ್ನ ಕಂಡು ಅಳೋದು ಸುಮಾರು 8 ತಿಂಗಳಿಗೆ ಶುರುವಾಗಿ 10ರಿಂದ 18 ತಿಂಗಳವರೆಗೆ ಜೋರಾಗಿರುತ್ತೆ. ನಿಮ್ಮ ಮಗು ಅದರ ಹೊಸ್ತಿಲಲ್ಲಿದೆ. ಆಫೀಸ್ ಶುರುವಾಗೋ ದಿನಕ್ಕಿಂತ ಎರಡು ವಾರ ಮೊದಲೇ ಸೇರಿಸಿ. ಮೊದಲ ಎರಡು ದಿನ ಒಂದೊಂದು ಗಂಟೆ, ನೀವೂ ಕೋಣೆಯಲ್ಲೇ. ಮೂರನೇ ದಿನ ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ. ಆಮೇಲೆ ಒಂದು ಊಟದ ಹೊತ್ತು, ಒಂದು ನಿದ್ದೆ ಹೊತ್ತು, ಹೀಗೆ ಬೆಳೆಸಿ. ನೀವು ತೊಟ್ಟ ಹತ್ತಿ ದುಪಟ್ಟಾ ಒಂದನ್ನ ಪಾಲಕಿಯ ಕೈಗೆ ಕೊಡಿ. ಆಕೆ ಎತ್ತಿಕೊಳ್ಳುವಾಗ ಹೆಗಲಿಗೆ ಹಾಕಿಕೊಂಡರೆ ವಾಸನೆಗೆ ಮಗು ಸಮಾಧಾನ ಆಗುತ್ತೆ. ಮಲಗಿಸೋ ಹಾಸಿಗೆಯಲ್ಲಿ ಮಾತ್ರ ಬಿಡಬಾರದು. ಮಗು ಆಟದಲ್ಲಿದ್ದಾಗ ಕಣ್ಣು ತಪ್ಪಿಸಿ ಓಡಬೇಡಿ, ಹೇಳಿ ಮುತ್ತು ಕೊಟ್ಟು ಹೊರಡಿ. ಕಣ್ಣು ತಪ್ಪಿಸಿ ಹೋದರೆ ಮಾರನೇ ದಿನದಿಂದ ಮನೆಯಲ್ಲೂ ಸೆರಗು ಬಿಡಲ್ಲ.

ನೀವು ಹೊರಟಾಗ ಅಳೋದು ಸಹಜ. ಹತ್ತು ಹದಿನೈದು ನಿಮಿಷದಲ್ಲಿ ನಿಂತಿತಾ ಅಂತ ಕೇಳಿ. ಮೂರು ನಾಲ್ಕು ವಾರವಾದರೂ ದಿನವಿಡೀ ಅಳು, ಹಾಲು ಅರ್ಧಕ್ಕಿಂತ ಕಮ್ಮಿ, ಆ ಪಾಲಕಿಯನ್ನ ಕಂಡರೆ ಮೈ ಬಿಗಿಯೋದು, ಕಾರಣ ಹೇಳಲಾರದ ಗಾಯ, ದಿನಾ ಕೆಂಪಗೆ ಸುಲಿದ ತೊಡೆಸಂದಿ ಇದ್ದರೆ ಜಾಗ ಬದಲಿಸಿ, ಕಟ್ಟಿದ ದುಡ್ಡಿನ ಮುಖ ನೋಡಬೇಡಿ.

ನಿಮ್ಮ ಮೂರರಲ್ಲಿ ನಾನಾಗಿದ್ದರೆ ಮೊದಲು ಆಂಟಿ ಮನೆಗೇ ಹೋಗ್ತೀನಿ, ಸಂಜೆ 5:45ಕ್ಕೆ. ಅಡುಗೆಗೆ ಬೇರೆ ಜನ, ಬದಲಿಗೆ ಒಬ್ಬರ ಹೆಸರು, ಬೀಗ ಹಾಕಿದ ಸಂಪ್, ಕೂಸುಗಳಿಗೆ ಬೇಲಿ ಹಾಕಿದ ಚಾಪೆ, ಈ ನಾಲ್ಕೂ ಇದ್ದರೆ ಅಲ್ಲೇ. ನಾಲ್ಕರಲ್ಲಿ ಬೇಲಿ ಒಂದು ಇಲ್ಲದಿದ್ದರೆ ನೀವೇ ತಂದುಕೊಡಿ. ಬದಲಿ ಜನ ಇಲ್ಲದಿದ್ದರೆ ದೊಡ್ಡ ಡೇಕೇರ್‌ನ ಡ್ಯೂಟಿ ಪಟ್ಟಿ ಕೇಳೋಕೆ ಹೋಗಿ.